ಉಪವಾಸವೂ ಸಣ್ಣ ಸಿಡುಕೂ

ಪಾವಗಡದ ಕಡೆಯ ಹಳ್ಳಿಯೊಂದರ ಶ್ರಾವಕನೊಬ್ಬನು ಚತುರ್ದಶಿಯ ಉಪವಾಸವನ್ನು ಹಿಡಿದು, ಮುಂಜಾನೆಯ ಬಸ್ಸಿಗೆ ಮಧುಗಿರಿಗೆ ಹೊರಟಿದ್ದಾನೆಂದು ಭಾವಿಸಬಹುದು. ಅಲ್ಲಿ ಮಲ್ಲಿನಾಥ ಸ್ವಾಮಿಯ ಬಸದಿಯಲ್ಲಿ ದರ್ಶನ ಮಾಡಿಕೊಳ್ಳುವುದು ಅವನ ಮುಖ್ಯ ಉದ್ದೇಶ. ಅದರೊಂದಿಗೆ ಜಮೀನಿನ ಕಾಗದವೊಂದು ಕಚೇರಿಯಲ್ಲಿ ತಿಂಗಳುಗಳಿಂದ ನಿಂತಿದೆ. ಪ್ರೋಷಧದ ದಿನ ಆರಂಭಕಾರ್ಯಗಳನ್ನು ಬಿಡತಕ್ಕದ್ದೆಂದು ಅವನು ಬಲ್ಲನಾದರೂ, ಹೋಗಿಬರುವ ಖರ್ಚು ಒಂದೇ ಆಗುವುದರಿಂದ ಎರಡು ಕೆಲಸಗಳನ್ನೂ ಒಂದೇ ದಿನಕ್ಕೆ ಹೊಂದಿಸಿಕೊಂಡಿದ್ದಾನೆ. ಬಸ್ಸು ಹತ್ತುವಾಗಲೇ ಯಾರೋ ಕಿಟಕಿಯಿಂದ ಟವೆಲು ಎಸೆದು ಹಿಡಿದಿಟ್ಟ ಜಾಗವು ಅವನಿಗೆ ತಪ್ಪುತ್ತದೆ. ಹಿಂದಿನ ಸಾಲಿನವನೊಬ್ಬನು ತನ್ನ ಮೊಬೈಲಿನ ಹಾಡನ್ನು ಇಡೀ ಬಸ್ಸಿಗೆ ಕೇಳಿಸುತ್ತಾನೆ. ಕಂಡಕ್ಟರನು ಚಿಲ್ಲರೆಯಿಲ್ಲವೆಂದು ಬಾಕಿಯನ್ನು ಟಿಕೆಟ್ಟಿನ ಬೆನ್ನಿಗೆ ಬರೆದುಕೊಟ್ಟು, ಇಳಿಯುವ ಹೊತ್ತಿಗೆ ಮರೆಯುತ್ತಾನೆ. ಕಚೇರಿಯಲ್ಲಿ ಸರದಿಯ ಸಾಲನ್ನು ಇಬ್ಬರು ಮುರಿಯುತ್ತಾರೆ. ಸರದಿ ಬಂದಾಗ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರ ದೊರೆಯುತ್ತದೆ. ಸಂಜೆ ಮನೆಗೆ ಬಂದು ಕೈಕಾಲು ತೊಳೆಯಲು ಹೋದರೆ ಬಚ್ಚಲಲ್ಲಿ ಚೊಂಬಿಲ್ಲ. ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಅವನು ಸೊಸೆಗೆ ಒಂದೇ ಒಂದು ಮಾತು ಅನ್ನುತ್ತಾನೆ.

ದಿನವಿಡೀ ಅವನು ತುತ್ತು ಅನ್ನ ತಿಂದಿಲ್ಲ, ಗುಟುಕು ನೀರು ಕುಡಿದಿಲ್ಲ. ಮರುದಿನ ಪಾರಣೆಯ ಹೊತ್ತಿಗೆ, ನಿನ್ನೆ ನಡೆದದ್ದು ಉಪವಾಸವೇ ಎಂದು ಯಾರಾದರೂ ಕೇಳಿದರೆ ಅವನಿಗೆ ಆಶ್ಚರ್ಯವಾದೀತು. ಆದರೆ ಚಿಂತಿಸಬೇಕಾದ ಪ್ರಶ್ನೆ ಅದೇ.

ಈ ಪ್ರಶ್ನೆ ಎಲ್ಲ ಕಡೆಯೂ ಹುಟ್ಟುವಂಥದೇ ಆದರೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಅದಕ್ಕೆ ವಿಶೇಷವಾದ ಒಂದು ಕಾರಣವುಂಟು. ನಾಲ್ಕೂ ಸೇರಿ ಮಧುಗಿರಿಯ ಒಂದು ಕಂದಾಯ ಉಪವಿಭಾಗ, ಅವೇ ನಾಲ್ಕು ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಆದುದರಿಂದ ರೈತನ ಅರ್ಜಿಯೂ ಉಪಾಧ್ಯಾಯನ ಕಡತವೂ ಕೊನೆಗೆ ಮಧುಗಿರಿಯ ದಾರಿಯನ್ನೇ ಹಿಡಿಯಬೇಕು. ಜೈನರ ಮನೆಗಳಾದರೋ ಇಲ್ಲೊಂದು ಅಲ್ಲೊಂದು ಚದುರಿವೆ. ಪರ್ವದ ದಿನ ಬಸದಿಗೆ ಹೋಗಬೇಕಾದರೂ ಅನೇಕರಿಗೆ ಬಸ್ಸೇ ಗತಿ. ಹಿಂದೆ ಹೀಗಿರಲಿಲ್ಲ. ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟದಲ್ಲಿ ಇರುಂಗೋಳನ ಆಳಿಕೆಯ ಕಾಲದಲ್ಲಿ ಗಂಗೇಯನ ಮಾರೆಯನೆಂಬ ಶ್ರಾವಕನು ಪಾರ್ಶ್ವಜಿನನಿಗೆ ಬಸದಿಯನ್ನು ಕಟ್ಟಿಸಿದನೆಂದು 1232ರ ಶಾಸನವು ತಿಳಿಸುತ್ತದೆ. ಆ ಕಾಲದ ಶ್ರಾವಕನಿಗೆ ಬಿಸಿಲೂ ಕಲ್ಲುದಾರಿಯೂ ಕಷ್ಟ ಕೊಟ್ಟಿರಬೇಕು, ನಿಜ. ಆದರೆ ಬಿಸಿಲಿನ ಮೇಲೆ ಯಾರೂ ಹಗೆ ಸಾಧಿಸುವುದಿಲ್ಲ. ಇಂದಿನ ಪ್ರಯಾಣದಲ್ಲಿ ತೊಂದರೆ ಕೊಡುವವನು ಮನುಷ್ಯ. ಅವನಿಗೊಂದು ಮುಖವಿದೆ, ಆ ಮುಖವನ್ನು ನೆನಪಿನಲ್ಲಿಟ್ಟುಕೊಳ್ಳಲು ಬರುತ್ತದೆ. ವ್ಯತ್ಯಾಸ ಅಲ್ಲಿದೆ.

ಇಂಥ ಸಂದರ್ಭದಲ್ಲಿ ಜನರು ಸಾಮಾನ್ಯವಾಗಿ ಕೊಡುವ ಸಮಾಧಾನವೆಂದರೆ, "ಇದೇನು ಮಹಾಕ್ರೋಧವೇ? ಸಣ್ಣ ಸಿಡುಕು, ಹಸಿದವನಿಗೆ ಸಹಜ" ಎಂಬುದು. ಸಿಡುಕಿಗೆ ಕಾರಣವಾದ ವಸ್ತು ಸಣ್ಣದಾದರೆ ಸಿಡುಕೂ ಸಣ್ಣದು ಎಂಬ ಲೆಕ್ಕ ಇದರಲ್ಲಡಗಿದೆ. ಜಿನಾಗಮವು ಈ ಲೆಕ್ಕವನ್ನು ಒಪ್ಪುವುದಿಲ್ಲ. ಕ್ರೋಧಾದಿ ಕಷಾಯಗಳನ್ನು ಅನಂತಾನುಬಂಧಿ, ಅಪ್ರತ್ಯಾಖ್ಯಾನಾವರಣ, ಪ್ರತ್ಯಾಖ್ಯಾನಾವರಣ, ಸಂಜ್ವಲನ ಎಂದು ನಾಲ್ಕಾಗಿ ವಿಂಗಡಿಸುವಾಗ ಆಚಾರ್ಯರು ಕಾರಣದ ಗಾತ್ರವನ್ನು ಎಲ್ಲಿಯೂ ಅಳೆಯಲಿಲ್ಲ. ರಾಜ್ಯವನ್ನು ಕಳೆದುಕೊಂಡವನ ಕೋಪ ದೊಡ್ಡದು, ಎರಡು ರೂಪಾಯಿ ಚಿಲ್ಲರೆಯನ್ನು ಕಳೆದುಕೊಂಡವನ ಕೋಪ ಚಿಕ್ಕದು ಎಂದು ಅವರು ಹೇಳಿಲ್ಲ. ಎಳೆದ ಗೆರೆಯು ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಮಾತ್ರ ಕೇಳಿದ್ದಾರೆ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಕ್ರೋಧಕ್ಕೆ ಕೊಟ್ಟಿರುವ ನಾಲ್ಕು ಉಪಮಾನಗಳು ಪ್ರಸಿದ್ಧವಾದುವು: ಕಲ್ಲಿನ ಸೀಳು, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಗೆರೆ. ಪಾಠಶಾಲೆಯ ಮಕ್ಕಳು ಇದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಆದರೆ ಈ ಸೀಮೆಯಲ್ಲಿ ಬಾಯಿಪಾಠದ ಅವಶ್ಯಕತೆಯೇ ಇಲ್ಲ. ನಾಲ್ಕು ಗೆರೆಗಳೂ ಕಣ್ಣೆದುರಿಗೇ ಇವೆ. ಒಂದೇ ಬಂಡೆಯಾಗಿ ಊರ ಮೇಲೆ ನಿಂತಿರುವ ಮಧುಗಿರಿಯ ಬೆಟ್ಟದಲ್ಲಿ ಕೋಟೆ ಕಟ್ಟುವವರು ಹತ್ತುವುದಕ್ಕಾಗಿ ಕಡಿದ ಮೆಟ್ಟಿಲು ಗುರುತುಗಳು ಶತಮಾನಗಳ ಮಳೆಗಾಳಿಗೂ ಮಾಸಿಲ್ಲ. ಅದು ಕಲ್ಲಿನ ಗೆರೆ. ಶಿರಾ ಸೀಮೆಯ ಕೆರೆಯಂಗಳಗಳು ಬೇಸಗೆಯಲ್ಲಿ ಬಾಯಿಬಿಡುತ್ತವೆ. ಆ ಬಿರುಕನ್ನು ಮನುಷ್ಯನ ಕೈ ಮುಚ್ಚಲಾರದು, ಮಳೆಯೇ ಬರಬೇಕು. ಕೊರಟಗೆರೆಯ ಬಳಿ ಜಯಮಂಗಲಿಯ ಒಣಗಿದ ಪಾತ್ರದಲ್ಲಿ ಹುಡುಗರು ಗೀಚಿದ ಗೆರೆಯನ್ನು ಸಂಜೆಯ ಗಾಳಿ ಅಳಿಸುತ್ತದೆ. ಇನ್ನು ನೀರಿನ ಗೆರೆಯೆಂದರೆ, ಪಾವಗಡದವರು ಮೊದಲು ನೀರೆಲ್ಲಿ ಎಂದು ಕೇಳಿಯಾರು. ಕೇಳಿದರೆ ತಪ್ಪೇನೂ ಇಲ್ಲ. ಆ ಬಗೆಯ ಕೋಪವೂ ಲೋಕದಲ್ಲಿ ಅಷ್ಟೇ ಅಪರೂಪ.

ಉಪಮಾನದೊಂದಿಗೆ ಆಚಾರ್ಯರು ಕಾಲವನ್ನೂ ಹೇಳಿದ್ದಾರೆ. ಕಷಾಯವು ಉದಯಿಸಿ ಹೋದ ಮೇಲೆಯೂ ಅದರ ಸಂಸ್ಕಾರವು ಉಳಿಯುವ ಅವಧಿಗೆ ವಾಸನಾಕಾಲವೆಂದು ಹೆಸರು. ಸಂಜ್ವಲನಕ್ಕೆ ಅದು ಅಂತರ್ಮುಹೂರ್ತ, ಎಂದರೆ 48 ನಿಮಿಷಗಳಿಗೆ ಒಳಗೆ. ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅದನ್ನೂ ಮೀರಿ ಭವಭವಗಳಿಗೆ ಹಬ್ಬುವುದು ಅನಂತಾನುಬಂಧಿ. ಮಧುಗಿರಿಯ ನಿಲ್ದಾಣದಲ್ಲಿ ಸೀಟಿಗಾಗಿ ಹುಟ್ಟಿದ ಸಿಡುಕು ಬಸ್ಸು ಕೊರಟಗೆರೆಯನ್ನು ಮುಟ್ಟುವಷ್ಟರಲ್ಲಿ ಪೂರ್ಣವಾಗಿ ಕರಗಿಹೋದರೆ ಅದು ನೀರಿನ ಗೆರೆಗೆ ಸಮೀಪವಾದದ್ದು. ಅದೇ ಸಿಡುಕನ್ನು ತುಮಕೂರಿನವರೆಗೆ ಒಯ್ದು, ಅಲ್ಲಿ ಬಂಧುವೊಬ್ಬನಿಗೆ ವರ್ಣಿಸಿ, ಮನೆಗೆ ಮರಳಿ ಮತ್ತೊಮ್ಮೆ ವರ್ಣಿಸಿ, ಮುಂದಿನ ಯುಗಾದಿಗೆ ಮಗಳು ಅಳಿಯ ಬಂದಾಗ ಮೂರನೆಯ ಸಲ ವರ್ಣಿಸಿದರೆ, ಆ ಎರಡಂಗುಲದ ಸೀಟು ಎಲ್ಲಿಯವರೆಗೆ ಬಂದಿತು!

ಇಲ್ಲಿ ವ್ರತಿಗಳ ಮನಸ್ಸಿಗೆ ತಟ್ಟಬೇಕಾದ ಅಂಶವೊಂದಿದೆ. ಅಪ್ರತ್ಯಾಖ್ಯಾನಾವರಣ ಕಷಾಯದ ಉದಯವು ಅಣುವ್ರತಗಳನ್ನೇ ತಡೆಯುತ್ತದೆ. ಅದು ಇಲ್ಲದಿದ್ದಾಗಲೇ ಶ್ರಾವಕನು ನಿಜವಾದ ದೇಶವ್ರತಿಯಾಗುತ್ತಾನೆ. ಹಾಗಿರುವಾಗ, ವ್ರತಿಯೆನಿಸಿಕೊಂಡವನ ಕೋಪವು ಒಂದು ಪಕ್ಷವನ್ನು ದಾಟುವಂತಿಲ್ಲ. ಅಷ್ಟಮಿ ಚತುರ್ದಶಿಗಳನ್ನು ಇಪ್ಪತ್ತು ವರ್ಷ ತಪ್ಪದೆ ಆಚರಿಸಿದವನು ಹೋದ ಆಷಾಢದ ಗುಮಾಸ್ತನನ್ನು ಈ ಮಾಘದಲ್ಲಿಯೂ ಅದೇ ಬಿಸಿಯಿಂದ ನೆನೆದರೆ, ಸಂದೇಹಕ್ಕೆ ಒಳಗಾಗುವುದು ಗುಮಾಸ್ತನ ನಡತೆಯಲ್ಲ, ಇಪ್ಪತ್ತು ವರ್ಷದ ವ್ರತ. ಮಾತು ಕಠಿಣವಾಗಿ ಕಂಡರೂ ಶಾಸ್ತ್ರದ ಮಾತು ಇಷ್ಟೇ ಕಠಿಣ. ಪಾಕ್ಷಿಕ ಪ್ರತಿಕ್ರಮಣವೆಂದು ಪಕ್ಷಕ್ಕೊಮ್ಮೆ ದೋಷಗಳನ್ನು ಎಣಿಸಿಕೊಳ್ಳುವ ವಿಧಿಯನ್ನು ಹಿರಿಯರು ಸುಮ್ಮನೆ ಇಟ್ಟದ್ದಲ್ಲವೆಂದು ಇದರಿಂದ ತೋರುತ್ತದೆ. ಅಂಗಡಿಯವನು ಬಾಕಿಯ ಪುಸ್ತಕವನ್ನು ತೆರೆದು ಅವಧಿ ಮೀರಿದ ಬಾಕಿಗಳನ್ನು ನೋಡುವಂತೆ, ಶ್ರಾವಕನು ಹಿಂದಿನ ಚತುರ್ದಶಿಯಿಂದ ಯಾವ ಮುಖ ಇನ್ನೂ ಒಳಗೆ ಕುಳಿತಿದೆಯೆಂದು ನೋಡತಕ್ಕದ್ದು.

ಆದರೂ ಒಂದು ಎಚ್ಚರ ಬೇಕು. ವಾಸನಾಕಾಲವನ್ನು ಪಂಚಾಂಗದಂತೆ ಹಿಡಿದು ನೆರೆಯವನ ಗುಣಸ್ಥಾನವನ್ನು ನಿರ್ಣಯಿಸಲು ಹೊರಟರೆ ಅದೇ ಒಂದು ಮಾನಕಷಾಯವಾದೀತು. ಕರ್ಮದ ಉದಯವನ್ನು ಪ್ರತ್ಯಕ್ಷವಾಗಿ ಕಾಣುವವರು ಕೇವಲಿಗಳು. ಗೃಹಸ್ಥನಿಗೆ ಈ ಲೆಕ್ಕವು ತನ್ನ ಮುಖ ನೋಡಿಕೊಳ್ಳುವ ಕನ್ನಡಿಯಷ್ಟೆ.

ಉಪವಾಸದ ದಿನವೇ ಸಿಡುಕು ಹೆಚ್ಚಾಗುವುದೇಕೆ ಎಂಬುದನ್ನೂ ನೋಡಬೇಕು. ದೇಹದ ಕಾರಣ ಸುಳ್ಳಲ್ಲ. ಹೊಟ್ಟೆ ಬರಿದಾಗಿ ರಕ್ತದಲ್ಲಿ ಸಕ್ಕರೆಯ ಅಂಶ ತಗ್ಗಿದಾಗ ಅದನ್ನು ಸರಿತೂಗಿಸಲು ದೇಹವು ಹೊರಡಿಸುವ ರಸಗಳೇ ಮನಸ್ಸನ್ನು ಚುರುಕುಗೊಳಿಸಿ ಕೆರಳಿಸುತ್ತವೆ. ಇದಕ್ಕಿಂತ ಹೆಚ್ಚಾಗಿ ಕಾಫಿಯದೊಂದು ಪಾಲಿದೆ. ದಿನಕ್ಕೆ ಎರಡು ಮೂರು ಲೋಟ ಕುಡಿಯುವ ರೂಢಿಯವರಿಗೆ ಕೊನೆಯ ಲೋಟದ ಅನಂತರ 12ರಿಂದ 24 ಗಂಟೆಗಳೊಳಗೆ ತಲೆನೋವೂ ಸಿಡುಕೂ ಕಾಣಿಸಿಕೊಳ್ಳುತ್ತವೆಂದು ವೈದ್ಯರು ಹೇಳುತ್ತಾರೆ. ಚತುರ್ದಶಿಯ ಮಧ್ಯಾಹ್ನ ತಲೆ ಸಿಡಿಯುವುದನ್ನು ಅನೇಕರು ಉಪವಾಸದ ಪರೀಷಹವೆಂದು ತಿಳಿಯುತ್ತಾರೆ. ಅದು ಬಹುಮಟ್ಟಿಗೆ ಕಾಫಿಯ ಪರೀಷಹ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕದಲ್ಲಿ ಹಿಂದಿನ ದಿನವೂ ಮರುದಿನವೂ ಏಕಭುಕ್ತಿಯನ್ನು ಹೇಳಿ, ಉಪವಾಸದಂದು ಗಂಧ, ಪುಷ್ಪ, ಸ್ನಾನ, ಅಂಜನ, ನಸ್ಯಗಳನ್ನು ಬಿಡಲು ಹೇಳಿದ್ದಾರೆ. ಆ ನಸ್ಯವು ಮೂಗಿನ ಔಷಧವೇ ಹೊರತು ಇಂದಿನ ನಶ್ಯದ ಪುಡಿಯಲ್ಲ. ಹೊಗೆಸೊಪ್ಪು ಈ ದೇಶಕ್ಕೆ ಬಂದದ್ದು ಬಹು ಶತಮಾನಗಳ ಅನಂತರ. ಹೆಸರು ಒಂದೇ ಎಂದು ಬಿಟ್ಟವರಿಗೆ ನಷ್ಟವೇನೂ ಆಗಿಲ್ಲ. ಹಿಂದಿನ ದಿನದಿಂದಲೇ ಒಂದೊಂದಾಗಿ ಕಡಿಮೆಮಾಡುತ್ತ ಬಂದ ದೇಹವು ಉಪವಾಸದಂದು ಅಷ್ಟು ಗಲಾಟೆ ಮಾಡುವುದಿಲ್ಲ. ಧಾರಣೆಯನ್ನು ಬಿಟ್ಟು ನೇರವಾಗಿ ಉಪವಾಸಕ್ಕೆ ಹಾರುವವನು ತನ್ನ ಸಿಡುಕನ್ನು ತಾನೇ ಸಿದ್ಧಪಡಿಸಿಕೊಂಡಂತಾಯಿತು.

ದೇಹದ ಕಾರಣಕ್ಕಿಂತ ಸೂಕ್ಷ್ಮವಾದದ್ದು ಮನಸ್ಸಿನ ಕಾರಣ. ಉಪವಾಸ ಮಾಡಿದವನಿಗೆ ತನಗೆ ಏನೋ ಬಾಕಿ ಬರಬೇಕೆಂಬ ಭಾವನೆ ಹುಟ್ಟುತ್ತದೆ. "ನಾನು ಹಸಿದಿದ್ದೇನೆ, ಆದುದರಿಂದ ಇಂದು ಬಸ್ಸು ಹೊತ್ತಿಗೆ ಬರಬೇಕು, ಮಕ್ಕಳು ಸದ್ದು ಮಾಡಬಾರದು, ಬಚ್ಚಲಲ್ಲಿ ಚೊಂಬು ಇರಬೇಕು." ತ್ಯಾಗಕ್ಕೆಂದು ಹೊರಟದ್ದು ಹೀಗೆ ಹಕ್ಕಾಗಿ ಮಾರ್ಪಡುತ್ತದೆ. ಕೆಲವು ಮನೆಗಳಲ್ಲಿ ಯಜಮಾನರ ಉಪವಾಸವೆಂದರೆ ಇಡೀ ಮನೆಗೇ ಒಂದು ಭಯ. ಹುಡುಗರು ಹಿತ್ತಲಿಗೆ ಹೋಗಿ ಆಡುತ್ತಾರೆ. ಹೆಂಗಸರು ಪಾತ್ರೆಯ ಸದ್ದಾಗದಂತೆ ಓಡಾಡುತ್ತಾರೆ. ಮುದುಕಿಯು ಬೆಳಗಿನಿಂದಲೇ, "ಇವತ್ತು ಅವರನ್ನು ಮಾತಾಡಿಸಬೇಡಿ" ಎಂದು ಎಚ್ಚರಿಸುತ್ತಾಳೆ. ಅನ್ನವನ್ನು ಬಿಟ್ಟವನು ಒಬ್ಬ, ನೆಮ್ಮದಿಯನ್ನು ಬಿಟ್ಟವರು ಐವರು. ಅದೇ ಮನೆಯಲ್ಲಿ ಅನಂತನ ನೋಂಪಿಯನ್ನು ಹಿಡಿದ ಸೊಸೆಯು ತಾನೂ ಉಪವಾಸವಿದ್ದು, ಮಕ್ಕಳಿಗೆ ಅಡಿಗೆಮಾಡಿ ಬಡಿಸಿ, ಮಾವನ ಒಂದು ಮಾತನ್ನೂ ಕೇಳಿಸಿಕೊಂಡು ಸುಮ್ಮನಾಗುತ್ತಾಳೆ. ಆಕ್ರೋಶ ಪರೀಷಹವನ್ನು ತತ್ತ್ವಾರ್ಥಸೂತ್ರವು ಮುನಿಗಳಿಗೆ ಹೇಳಿದೆ. ಮನೆಯೊಳಗೆ ಅದನ್ನು ಯಾರು ಜಯಿಸಿದರು, ಅದಕ್ಕೆ ಕಾರಣರು ಯಾರಾದರು ಎಂಬುದನ್ನು ಯಜಮಾನನು ಯೋಚಿಸಬಾರದೇ? ಕಷಾಯ, ವಿಷಯ, ಆಹಾರ ಈ ಮೂರರ ತ್ಯಾಗವೇ ಉಪವಾಸ, ಬರಿಯ ಆಹಾರತ್ಯಾಗ ಲಂಘನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಲಂಘನವನ್ನು ವೈದ್ಯನೂ ಮಾಡಿಸುತ್ತಾನೆ.

ಇದಕ್ಕೆ ಕೆಲವರು ಹೇಳುವ ಉತ್ತರ, "ಬಾಯಿಯಿಂದ ಒಂದಕ್ಷರವನ್ನೂ ಆಡಲಿಲ್ಲ, ಒಳಗೆ ಬೈದುಕೊಂಡರೆ ಯಾರಿಗೆ ನೋವಾಯಿತು?" ಎಂಬುದು. ಇದನ್ನು ಕೇಳಿದಾಗ ಯಶೋಧರನ ಕಥೆ ನೆನಪಿಗೆ ಬರುವುದು ಸಹಜ. ಜನ್ನನು 1209ರಲ್ಲಿ ಕನ್ನಡದಲ್ಲಿ ಹೇಳಿದ ಆ ಕಥೆಯನ್ನು ಜೀವದಯಾಷ್ಟಮಿಯ ನೋಂಪಿಯನ್ನು ಬಲ್ಲ ಮನೆಗಳವರು ಮರೆಯಲಾರರು. ಯಶೋಧರನು ಜೀವವಿರುವ ಹಕ್ಕಿಯನ್ನು ಕೊಲ್ಲಲಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಪೂರ್ಣವಾಗಿ ಮಣಿಯಲಾರದೆ, ಪೂರ್ಣವಾಗಿ ನಿರಾಕರಿಸಲೂ ಆರದೆ, ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಟ್ಟನು. ಅಷ್ಟು ಸಣ್ಣ ಸಂಕಲ್ಪಹಿಂಸೆಗೆ ತಾಯಿಮಕ್ಕಳಿಬ್ಬರೂ ನವಿಲಾಗಿ ನಾಯಾಗಿ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಬಸ್ಸಿನ ಕಂಬಿಯನ್ನು ಹಿಡಿದು ನಿಂತು, ಮೊಬೈಲಿನ ಹಾಡು ಹಾಕಿದವನನ್ನು ಮನಸ್ಸಿನಲ್ಲಿಯೇ ಕೆಳಗಿಳಿಸಿ ನಾಲ್ಕು ಬಾರಿಸಿದವನ ಕೈಯಲ್ಲಿರುವುದೂ ಹಿಟ್ಟಿನ ಕೋಳಿಯೇ. ಎದುರಿಗಿರುವವನಿಗೆ ನೋವಾಗಿಲ್ಲ, ಒಪ್ಪತಕ್ಕ ಮಾತು. ಕೋಳಿಯೂ ಹಿಟ್ಟಿನದೇ ಆಗಿತ್ತು.

ಮುನಿಗಳ ಆಹಾರವಿಧಿಯನ್ನು ಕಣ್ಣಾರೆ ಕಂಡವರಿಗೆ ಇದರ ಇನ್ನೊಂದು ಮಗ್ಗುಲು ತಿಳಿದೀತು. ಸಂಘವು ವಿಹಾರದಲ್ಲಿರುವಾಗ ಊರಿನ ಶ್ರಾವಕರು ಬೆಳಗಿನಿಂದ ಶೋಧಿಸಿ ಅಡಿಗೆಮಾಡಿ, ಬಾಗಿಲಲ್ಲಿ ನಿಂತು ಪಡಿಗಾಹನ ಮಾಡುತ್ತಾರೆ. ಮುನಿಗಳು ತಮ್ಮೊಳಗೆ ಹಿಡಿದ ನಿಯಮವು ಯಾವ ಬಾಗಿಲಲ್ಲಿಯೂ ಕೂಡಿಬರದಿದ್ದರೆ ಹಾಗೆಯೇ ಹಿಂದಿರುಗುತ್ತಾರೆ. ಕೂಡಿಬಂದು, ನಿಂತು, ಅಂಜಲಿಯಲ್ಲಿ ಎರಡು ತುತ್ತು ಸ್ವೀಕರಿಸಿದಾಗ ಒಂದು ಕೂದಲೆಳೆ ಕಂಡರೆ ಅಲ್ಲಿಗೆ ಅಂತರಾಯ. ಮುಂದೆ ಅನ್ನವಾಗಲಿ ನೀರಾಗಲಿ ಮರುದಿನವೇ. ಬಡಿಸಿದ ಗೃಹಿಣಿಯು ಕಣ್ಣೀರಿಡುತ್ತಾಳೆ. ಮುನಿಗಳ ಮುಖದಲ್ಲಿ ಆ ಗೃಹಿಣಿಯ ಅಜಾಗರೂಕತೆಯ ಬಗೆಗೆ ಯಾವ ಆಕ್ಷೇಪಣೆಯೂ ಇರುವುದಿಲ್ಲ. ಕೈ ತೊಳೆದು ಆಶೀರ್ವದಿಸಿ ಹೊರಡುತ್ತಾರೆ. ಇಪ್ಪತ್ತನಾಲ್ಕು ಗಂಟೆಗಳಿಗೊಮ್ಮೆ ಬರುವ ಒಂದೇ ಊಟವು ಒಂದು ಕೂದಲಿನಿಂದ ನಿಂತುಹೋಗುವುದನ್ನು ನೋಡಿ ಕೈಮುಗಿದ ಶ್ರಾವಕನೇ, ಅಂದೇ ಮಧ್ಯಾಹ್ನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆಯನ್ನು ಸರಿಸುವುದುಂಟು.

ಹಾಗಾದರೆ ಶ್ರಾವಕನು ಎಲ್ಲವನ್ನೂ ಸಹಿಸಿಕೊಂಡು ಸುಮ್ಮನಿರಬೇಕೇ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಏಕೆಂದರೆ ಸಮತಾಭಾವದ ಹೆಸರಿನಲ್ಲಿ ಅಳುಕನ್ನು ಮುಚ್ಚಿಕೊಳ್ಳುವವರೂ ಇದ್ದಾರೆ. ಮುನಿಧರ್ಮ ಬೇರೆ, ಗೃಹಸ್ಥಧರ್ಮ ಬೇರೆ. ಸರದಿಯನ್ನು ಮುರಿದವನಿಗೆ ಸರದಿಯಿದೆಯೆಂದು ಹೇಳುವುದು ಕಷಾಯವಲ್ಲ. ಅವನ ಹಿಂದೆ ನಿಂತ ಮುದುಕನ ಮೇಲಣ ದಯೆಯೂ ಆಗಬಹುದು. ಚಿಲ್ಲರೆಯನ್ನು ಕೇಳಿ ಪಡೆಯುವುದು ಲೋಭವಲ್ಲ. ಕಚೇರಿಯ ವಿಳಂಬಕ್ಕೆ ಈಗ ಕಾನೂನೇ ಇದೆ: 2011ರ ಸಕಾಲ ಅಧಿನಿಯಮದಂತೆ ಗೊತ್ತುಪಡಿಸಿದ ಸೇವೆ ಅವಧಿಯೊಳಗೆ ದೊರೆಯದಿದ್ದರೆ ಮೇಲ್ಮನವಿ ಸಲ್ಲಿಸಬಹುದು, ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ ಪರಿಹಾರವನ್ನೂ ಕೇಳಬಹುದು. ಸರಕಾರವು ಒಂದು ದಿನದ ವಿಳಂಬಕ್ಕೆ 20 ರೂಪಾಯಿ ಬೆಲೆ ಕಟ್ಟಿದೆ. ಅದೇ ಒಂದು ದಿನದ ವಿಳಂಬಕ್ಕೆ ಅರ್ಜಿದಾರನು ತನ್ನ ನಿದ್ರೆ, ಸಾಮಾಯಿಕ, ಮನೆಯವರ ಸಮಾಧಾನ ಇಷ್ಟನ್ನೂ ಕೈಯಿಂದ ಕೊಟ್ಟುಬಿಡುತ್ತಾನೆ. ಮೇಲ್ಮನವಿಯನ್ನು ಬರೆದು, ಅದಕ್ಕೆ ರಸೀದಿಯನ್ನು ಪಡೆದು, ಆ ವಿಷಯವನ್ನು ಕಾಗದದ ಮೇಲೆಯೇ ಬಿಟ್ಟು ಮನೆಗೆ ಬರುವುದು ಸಾಧ್ಯ. ಬಹು ಜನರು ಇದರ ವಿಪರೀತ ಮಾಡುತ್ತಾರೆ: ಕಚೇರಿಯಲ್ಲಿ ಏನನ್ನೂ ಬರೆಯುವುದಿಲ್ಲ, ಮನೆಯಲ್ಲಿ ಎಲ್ಲವನ್ನೂ ಹೇಳುತ್ತಾರೆ.

ಒಬ್ಬರ ಕಿರಿಕಿರಿಯು ಮತ್ತೊಬ್ಬರ ಅನುಕೂಲವಾಗಿರುವುದೂ ಉಂಟು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸರಕಾರಿ ಬಸ್ಸುಗಳಲ್ಲಿ ಹೆಂಗಸರ ಸಂಖ್ಯೆ ಹೆಚ್ಚಿತು; ನೂಕುನುಗ್ಗಲೂ ಹೆಚ್ಚಿತೆಂದು ಗಂಡಸರು ಗೊಣಗುತ್ತಾರೆ. ಆ ಗುಂಪಿನಲ್ಲಿ ಬುತ್ತಿಯ ಚೀಲವನ್ನು ಹಿಡಿದು ಕೂಲಿಗೆ ಹೊರಟವಳಿದ್ದಾಳೆ; ಬಸ್ಸಿನ ಹಣಕ್ಕೆ ಯಾರ ಮುಖವನ್ನೂ ನೋಡದೆ ನೋಂಪಿಯ ದಿನ ಬಸದಿಗೆ ಹೊರಟ ಶ್ರಾವಿಕೆಯೂ ಇರಬಹುದು. ಯಜಮಾನನಿಗೆ ಸೀಟು ತಪ್ಪಿಸಿದ ಟವೆಲು ಅವಳದೇ ಆಗಿರಬಾರದೆಂದೇನಿಲ್ಲ.

ದಶಲಕ್ಷಣ ಪರ್ವವು ಮುಗಿದು ಭಾದ್ರಪದ ಬಹುಳ ಪಾಡ್ಯದಂದು ಕ್ಷಮಾವಣಿ ಬರುತ್ತದೆ. ಹಿಂದೆ ಕಾರ್ಡುಗಳನ್ನು ಅಚ್ಚುಹಾಕಿಸಿ ಅಂಚೆಗೆ ಹಾಕುತ್ತಿದ್ದರು. ಈಗ ಒಂದೇ ಒಕ್ಕಣೆಯು ಮೊಬೈಲಿನಲ್ಲಿ ನೂರಾರು ಜನರಿಗೆ ಒಮ್ಮೆಲೇ ಹೋಗುತ್ತದೆ. ಬೆಂಗಳೂರಿನ ಬಂಧುಗಳಿಗೆ, ಹುಬ್ಬಳ್ಳಿಯ ಬೀಗರಿಗೆ, ವರ್ಷವಿಡೀ ಮಾತೇ ಆಡದ, ಆದುದರಿಂದ ಯಾವ ಅಪರಾಧವನ್ನೂ ಎಸಗಲು ಅವಕಾಶವೇ ಇಲ್ಲದ ಮಿತ್ರರಿಗೆಲ್ಲ ಅದು ತಲುಪುತ್ತದೆ. ಟಿಕೆಟ್ಟಿನ ಬೆನ್ನಿಗೆ ಬರೆದ ಕಂಡಕ್ಟರನ ಹೆಸರು ಯಾರಿಗೂ ತಿಳಿಯದು. ಕಚೇರಿಯ ಗುಮಾಸ್ತನು ಆ ವೇಳೆಗೆ ಬೇರೆ ತಾಲ್ಲೂಕಿಗೆ ವರ್ಗವಾಗಿರುತ್ತಾನೆ. ಸೊಸೆಯಾದರೋ ಬಹು ಹತ್ತಿರದಲ್ಲಿ, ಅಡಿಗೆಮನೆಯಲ್ಲಿಯೇ ಇದ್ದಾಳೆ. ಅವಳಿಗೆ ಮೊಬೈಲಿನ ಸಂದೇಶ ಸಲ್ಲದು, ಎದುರಿಗೆ ನಿಂತು ಬಾಯಿಬಿಟ್ಟು ಹೇಳಬೇಕು. ಕೆಲವು ಮನೆಗಳಲ್ಲಿ ಹಿರಿಯರು ಹಾಗೆ ಹೇಳುವುದುಂಟು. ಹಾಗೆ ಹೇಳಿದ ಮರುದಿನದಿಂದ ಬಚ್ಚಲಿನ ಚೊಂಬನ್ನು ತಾವೇ ತುಂಬಿಟ್ಟುಕೊಳ್ಳುವವರೂ ಉಂಟು.